ಸೈನಿಕರಿಗೆ ಮಣೆ ಹಾಕಿದ್ದು

ನಮ್ಮ ಯಜಮಾನರ ಸೈನ್ಯದಲ್ಲಿ ಒಬ್ಬೊಬ್ಬ ಸೈನಿಕನೂ ನೆಟ್ಟಗೆ ನಿಲ್ಲಿಸಿದ ಅಕ್ಕಿಕಾಳಿನಷ್ಟು ಎತ್ತರ. ತವರದಂಥ ಮೆತ್ತನೆ ಲೋಹದಲ್ಲಿ ಎರಕ ಹೊಯ್ದವರು. ಬಿಡಿಬಿಡಿಯಾಗಿ ನಿಲ್ಲಿಸಿದರೆ ಫ್ಯಾನಿನ ಗಾಳಿಗೇ ಮಕಾಡೆ ಬೀಳುತ್ತಾರೆ. ಅದಕ್ಕೇ ಅರ್ಧ ಬೆಂಕಿಪೊಟ್ಟಣದಷ್ಟು ಅಗಲದ ತೆಳು ಮರದ ತುಂಡಿನ ಮೇಲೆ ಒಂದು ಸಾಲು ಕಾಲಾಳುಗಳನ್ನೋ, ನಾಲ್ಕಾರು ಕುದುರೆಗಳನ್ನೋ, ಒಂದು ಫಿರಂಗಿಯನ್ನೋ ಅಂಟಿಸಿ, ಅವರ ಕಾಲಡಿಗೆ ಮಣ್ಣು, ಕಲ್ಲು, ನೆಲ ಎಲ್ಲವನ್ನೂ ಮಾಡಿಕೊಡಬೇಕು. ಆ ತುಂಡಿಗೆ ಆಟದವರು ಬೇಸ್ ಅನ್ನುತ್ತಾರೆ. ನಾನು ಮಣೆ ಅಂದೆ.

"ಮಣೆ ಅಲ್ಲ ಕಣೇ, ಬೇಸ್. ಕೂತ್ಕೊಳ್ಳೋಕೆ ಹಾಕಿದ್ರೆ ಮಣೆ. ಇವ್ರು ನಿಂತಿದಾರೆ."

"ಕುದುರೆಯವ್ರು ಕೂತಿದಾರಲ್ಲ?"

ಅವರು ಸ್ವಲ್ಪ ಯೋಚಿಸಿ, "ಅವ್ರು ಕುದುರೆ ಮೇಲೆ ಕೂತಿದಾರೆ, ಬೇಸ್ ಮೇಲಲ್ಲ" ಎಂದರು. ಇಂಥ ವಿಷಯದಲ್ಲಿ ಅವರು ತಮಾಷೆಯನ್ನೂ ತಿದ್ದಿಯೇ ಬಿಡುವವರು. ಆದರೂ ಮನೆಯಲ್ಲಿ ಮಣೆ ಎಂಬ ಹೆಸರೇ ನಿಂತಿತು.

ಆಟ ಶನಿವಾರ ಮಧ್ಯಾಹ್ನ, ಸಿಂಗಪುರದ ಸೆಂಗ್‌ಕಾಂಗಿನ ನಮ್ಮ ಮನೆಯ ಊಟದ ಮೇಜಿನ ಮೇಲೆ. ಎದುರಾಳಿ ಒಬ್ಬರೇ: ಇವರ ಹಳೆಯ ಆಫೀಸಿನ ಗೆಳೆಯ, ಮೈಸೂರಿನವರು, ಸೆರಂಗೂನಿನಲ್ಲಿ ಮನೆ. ಅವರದು ಕೆಂಪು ಕೋಟಿನ ಸೈನ್ಯ, ನಮ್ಮದು ನೀಲಿ. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಅದರಡಿ ಪುಸ್ತಕಗಳನ್ನು ತುರುಕಿ ಗುಡ್ಡ ಮಾಡಿಕೊಂಡು, ದಾಳ ಉರುಳಿಸಿ ಆಡುತ್ತಾರೆ. ಇಬ್ಬರೂ ಸೇರಿ ಮಾಡಿಕೊಂಡ ಒಂದು ಪದ್ಧತಿಯಿತ್ತು. ಒಂದು ತುಂಡು ಸೋತರೆ ಅದನ್ನು ಸೋತವನು ತೆಗೆಯುವಂತಿಲ್ಲ. ಗೆದ್ದವನೇ ಕೈಯಾರೆ ಎತ್ತಿ, ಮೇಜಿನ ಅಂಚಿನ ಸ್ಟೀಲ್ ತಟ್ಟೆಯಲ್ಲಿಡಬೇಕು. ಎದುರಾಳಿಗೆ ಅದು ಮರ್ಯಾದೆಯಂತೆ. ಮಧ್ಯೆ ನನ್ನದು ಕಾಫಿ, ಅವಲಕ್ಕಿ.

ಇವರ ಕಣ್ಣು ಹೋದದ್ದು ಶುಗರ್‌ನಿಂದ. ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿತು. ಲೇಸರ್ ಮಾಡಿದರು, ಇಂಜೆಕ್ಷನ್ ಕೊಟ್ಟರು. ಒಂದು ಕಣ್ಣು ಪೂರ್ತಿ ಕತ್ತಲಾಯಿತು. ಇನ್ನೊಂದರಲ್ಲಿ ಬೆಳಕಿನ ಮೇಲೆ ಕಪ್ಪು ಚುಕ್ಕೆಗಳ ಹಾಗೆ ವಸ್ತುಗಳು ಕಾಣುತ್ತವೆ: ಇದೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಕೆಲಸ ಬಿಟ್ಟರು. ಕಂಪ್ಯೂಟರ್ ಬಿಟ್ಟರು. ಒಬ್ಬರೇ ಲಿಫ್ಟಿನಲ್ಲಿ ಇಳಿಯುವುದನ್ನೂ ಬಿಟ್ಟರು. ಶನಿವಾರ ಬಿಡಲಿಲ್ಲ.

ಗೆಳೆಯರು ದಾಳದ ಚುಕ್ಕೆ ಓದಿ ಹೇಳುತ್ತಿದ್ದರು. "ನನ್ನ ಕೆಂಪು ಕುದುರೆ ನಿನ್ನ ಬಲಗಡೆ, ಎರಡು ಗೇಣು" ಎಂದು ತಮ್ಮ ಸೈನ್ಯ ನಿಂತ ಜಾಗವನ್ನೂ ಹೇಳುತ್ತಿದ್ದರು. ಅದಕ್ಕೆಲ್ಲ ಇವರ ತಕರಾರಿರಲಿಲ್ಲ. ತಮ್ಮ ಸೈನ್ಯದ ಬಗ್ಗೆ ಬಾಯಿ ಹಾಕಿದರೆ ಮಾತ್ರ ರೇಗುತ್ತಿದ್ದರು. ಒಂದು ಸಲ ನೀಲಿ ತುಂಡೊಂದನ್ನು ಹಿಡಿದು ತಡಕಾಡುತ್ತಿದ್ದಾಗ ಗೆಳೆಯರು, "ಅದು ಕುದುರೆ ಗುರು" ಎಂದುಬಿಟ್ಟರು. ಇವರು ತುಂಡನ್ನು ಠಕ್ಕನೆ ಕೆಳಗಿಟ್ಟರು.

"ಕೇಳಿದ್ನಾ ನಾನು?"

ನಮ್ಮ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಯೂನಿವರ್ಸಿಟಿಗೆ ಹೋಗುತ್ತಾಳೆ. ಸೋಫಾದ ಮೇಲಿಂದ, ಈ ಊರಿನವರ ‘ಲಾ’ ಸೇರಿಸಿ, "ಕೇಳ್ಬಿಡು ಲಾ ಅಪ್ಪ! ಅಂಕಲ್ ಏನ್ ಚೀಟ್ ಮಾಡ್ತಾರಾ?" ಅಂದಳು.

"ಚೀಟ್ ಅಲ್ಲಮ್ಮಾ. ಇದು ಕುದುರೆನಾ ಅಂತ ಕೇಳಿದ ತಕ್ಷಣ ಅವನಿಗೆ ಗೊತ್ತಾಗೋಗುತ್ತೆ, ನಾನು ಕುದುರೆ ಹುಡುಕ್ತಿದೀನಿ ಅಂತ. ಅವನು ಫಿರಂಗಿ ತಿರುಗಿಸ್ಕೋತಾನೆ. ಆಮೇಲೆ ಆಟ ಏನು ಉಳೀತು? ನಾನು ಹೇಳೋದು, ಅವನು ಆಡೋದು. ಎರಡೂ ಕಡೆ ಅವನೇ ಆಡಿದ ಹಾಗೆ."

ಅವರಿಗೆ ಉಳಿದಿದ್ದು ಅದೊಂದೇ ಎಂದು ನನಗೆ ಅವತ್ತು ಅರ್ಥವಾಯಿತು. ಮಾತ್ರೆ ನಾನು ಎಣಿಸಿ ಕೊಡುತ್ತೇನೆ, ಅಂಗಿಯ ಬಣ್ಣ ನಾನು ಹೇಳುತ್ತೇನೆ, ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದೂ ನಾನೇ. ಯಾರನ್ನೂ ಕೇಳದೆ ತಾವಾಗಿ ಒಂದು ತೀರ್ಮಾನ ಮಾಡಿ ಇನ್ನೊಬ್ಬರನ್ನು ಬೆಚ್ಚಿಬೀಳಿಸುವುದು ಆ ಮೇಜಿನ ಮೇಲೆ ಮಾತ್ರ.

ಸೈನಿಕರನ್ನು ಮುಟ್ಟಿ ಗುರುತಿಸುವುದು ಸಾಧ್ಯವಿರಲಿಲ್ಲ. ಬಂದೂಕಿನ ತುದಿ ಕೂದಲೆಳೆಯಷ್ಟು, ಒತ್ತಿದರೆ ಬಾಗುತ್ತದೆ. ಆದರೆ ಮಣೆಯ ಮುಂದಿನ ಅಂಚು ಖಾಲಿಯಿರುತ್ತದಲ್ಲ, ಅದನ್ನು ಮುಟ್ಟಬಹುದು. ಕಾಲಾಳಿಗೊಂದು ನೆಲ, ಕುದುರೆಗೊಂದು ನೆಲ, ಫಿರಂಗಿಗೊಂದು ನೆಲ ಮಾಡಿಕೊಟ್ಟರೆ ಹೇಗೆ ಎಂದು ಕೇಳಿದೆ. ಅವರು ಒಂದು ತುಂಡಿನ ಅಂಚನ್ನು ಹೆಬ್ಬೆರಳಿನಿಂದ ಅಳೆದು ನೋಡಿದರು. ಆಮೇಲೆ, "ಅಂಚು ಜಾಸ್ತಿ ಬೇಕಾಗುತ್ತೆ" ಎಂದರು. ಗೆಳೆಯರು ಉಬಿ ಬಡಾವಣೆಯಲ್ಲಿ ತಮಗೆ ಗೊತ್ತಿದ್ದ ಒಂದು ವರ್ಕ್‌ಶಾಪಿನಲ್ಲಿ ಮುಂಭಾಗ ತುಸು ಉದ್ದವಿರುವ ಹೊಸ ತುಂಡುಗಳನ್ನು ಕತ್ತರಿಸಿ ತಂದರು. ಹಳೆಯ ಮಣೆಯಿಂದ ಸೈನಿಕರನ್ನು ತೆಳು ಚಾಕುವಿನಲ್ಲಿ ಎಬ್ಬಿಸಿ ಹೊಸದಕ್ಕೆ ಕೂರಿಸಿದೆ. ಕೆಲವರ ಪಾದ ಹಳೆಯದರಲ್ಲೇ ಉಳಿಯಿತು.

ನನಗೆ ಗೊತ್ತಿರುವ ಸಾಮಾನು ಅಡುಗೆಮನೆಯದು. ಮರಗೆಲಸದ ಬಿಳಿ ಗೋಂದು ಬಳಿದು, ಕಾಲಾಳುಗಳ ಅಂಚಿಗೆ ಚಿರೋಟಿ ರವೆ ಉದುರಿಸಿದೆ. ಕುದುರೆಗೆ ಸಾಸಿವೆ. ಫಿರಂಗಿಗೆ ಮೆಂತ್ಯ, ಶುಗರ್‌ಗೆ ಒಳ್ಳೆಯದೆಂದು ತಂದು ಅವರು ಒಂದು ದಿನವೂ ಸರಿಯಾಗಿ ನುಂಗದಿದ್ದ ಮೆಂತ್ಯ. ಅದರ ಮೇಲೆ ಕಂದು ಬಣ್ಣ. ಒಣಗಿದ ಮೇಲೆ ಅವರ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಒಮ್ಮೆ ಸವರಿ, "ಕುದುರೆ" ಎಂದರು. ಇನ್ನೊಂದು. "ಫಿರಂಗಿ." ಮತ್ತೊಂದು. "ಇದು... ಉಪ್ಪಿಟ್ಟು." ಬಹಳ ದಿನಗಳ ಮೇಲೆ ನಕ್ಕಿದ್ದರು.

ಈ ಊರಿನ ತೇವದಲ್ಲಿ ರವೆಯನ್ನು ಫ್ರಿಜ್ಜಿನಲ್ಲಿಡಬೇಕೆಂದು ಗೊತ್ತಿರುವವಳು ನಾನು. ಅದೇ ರವೆಯನ್ನು ಮರಕ್ಕೆ ಅಂಟಿಸಿ ಪೆಟ್ಟಿಗೆಯಲ್ಲಿಟ್ಟೆ. ಅಂಟಿಸಿದ ಮೇಲೆ ಅದು ರವೆಯಾಗಿ ಉಳಿಯುವುದಿಲ್ಲ, ನೆಲವಾಗಿಬಿಡುತ್ತದೆ ಅಂದುಕೊಂಡಿದ್ದೆನೋ ಏನೋ. ಮೂರನೆಯದೋ ನಾಲ್ಕನೆಯದೋ ಶನಿವಾರ ಗೆಳೆಯರು ಪೆಟ್ಟಿಗೆ ತೆಗೆದು, "ಅತ್ತಿಗೆ, ನಿಮ್ಮ ಸೈನ್ಯದ ಮೇಲೆ ಹಿಮ ಬಿದ್ದಿದೆ" ಎಂದರು. ಬಣ್ಣ ಬಿರುಕು ಬಿಟ್ಟಲ್ಲೆಲ್ಲ ಬೂಷ್ಟು, ಬಿಳಿ ತುಪ್ಪುಳ. ಗೋಂದಿನ ನೀರು ಕುಡಿದ ಮೆಂತ್ಯ ಉಬ್ಬಿ, ಲೋಳೆಯಾಗಿ, ಫಿರಂಗಿಯನ್ನೇ ಓರೆ ಮಾಡಿತ್ತು. ಯಜಮಾನರು ಒಂದು ತುಂಡನ್ನು ಎತ್ತಿ ಸವರಿದರು. ಬೆರಳು ನಿಂತಿತು.

"ಏನೋ ಓಡಾಡ್ತಿದೆ."

ರವೆ ಹುಳ. ಕಾಲಾಳುಗಳ ಸಾಲಿನ ನಡುವೆ, ಅವರಿಗಿಂತ ದೊಡ್ಡದಾಗಿ, ನಿಧಾನವಾಗಿ ಹೋಗುತ್ತಿತ್ತು. ಗೆಳೆಯರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಕಡೆಯದಲ್ಲ ಗುರು, ಪ್ರಾಮಿಸ್!" ನಾನು ಎಲ್ಲವನ್ನೂ ಒಯ್ದು ನಲ್ಲಿಯಡಿ ಹಿಡಿದು ಉಜ್ಜಿದೆ.

ಎರಡನೇ ಸಲ ಅಡುಗೆಮನೆ ಬಿಟ್ಟು ಸರಿಯಾದ ಸಾಮಾನು ತರಿಸಿದೆ: ಮೀನಿನ ತೊಟ್ಟಿಗೆ ಹಾಕುವ ನಯವಾದ ಮರಳು, ದಪ್ಪ ಮರಳು, ಪುಡಿ ಕಲ್ಲು. ಗೋಂದು, ಮರಳು, ಮತ್ತೆ ತೆಳು ಗೋಂದು, ಬಣ್ಣ. ಒಂದೊಂದು ಹಂತಕ್ಕೂ ಒಂದು ದಿನ ಒಣಗಬೇಕು. ಬಟ್ಟೆ ಒಣಹಾಕುವ ಕಿಟಕಿಯ ಪಕ್ಕ ಹಳೇ ಬೇಕಿಂಗ್ ಟ್ರೇನಲ್ಲಿ ಸೈನ್ಯ ಬಿಸಿಲು ಕಾಯುತ್ತಿತ್ತು. ಎಲ್‌ಆರ್‌ಟಿ ರೈಲು ಹಾದುಹೋದಾಗ ಟ್ರೇ ಸಣ್ಣಗೆ ನಡುಗುತ್ತಿತ್ತು. ಈ ಸಲ ನೆಲ ಗಟ್ಟಿಯಾಗಿ ಕೂತಿತು. ಒಂದು ಶನಿವಾರ ಯಜಮಾನರು ಗುಡ್ಡದ ಹಿಂದೆ ಒಬ್ಬರಿಗೂ ತಿಳಿಯದ ಹಾಗೆ ಕುದುರೆಗಳನ್ನು ಒಟ್ಟುಮಾಡಿಕೊಂಡು ಕೆಂಪು ಸೈನ್ಯದ ಪಕ್ಕೆಗೆ ನುಗ್ಗಿದರು. ಗೆಳೆಯರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇ ನಿಂತರು. "ಥೂ! ಯಾವಾಗ ತಂದೋ ಇವನ್ನೆಲ್ಲ ಇಲ್ಲಿಗೆ?" ಆ ರಾತ್ರಿ ಊಟಕ್ಕೆ ಇವರು ಇನ್ನೊಂದು ಚಪಾತಿ ಕೇಳಿದರು. ನಾನು ಕೊಡಲಿಲ್ಲ.

ಆಮೇಲೆ ದೂರು ಶುರುವಾಯಿತು. "ಮರಳು ಉದುರ್ತಿದೆ ಕಣೇ. ಕಾಲಾಳೂ ಕುದುರೆನೂ ಒಂದೇ ಥರ ಇದೆ." ನನ್ನ ಬೆರಳಿಗೆ ಬೇರೆಯಾಗಿಯೇ ಇತ್ತು. ಬಣ್ಣ ಕಾಳುಗಳ ಸಂದಿಗೆ ತುಂಬಿಕೊಂಡಿದೆಯೇನೋ ಎಂದು ಕೆರೆದು ತೆಗೆದು, ಮತ್ತೆ ಮರಳು ಹಾಕಿದೆ. ಎರಡು ವಾರ ಸುಮ್ಮನಿದ್ದರು. "ಇನ್ನೂ ಸ್ವಲ್ಪ ಒರಟು ಮಾಡು." ದಪ್ಪ ಮರಳಿನ ಜಾಗಕ್ಕೆ ಪುಡಿ ಕಲ್ಲು ಬಂತು, ಪುಡಿ ಕಲ್ಲಿನ ಜಾಗಕ್ಕೆ ಸುತ್ತಿಗೆಯಲ್ಲಿ ಒಡೆದ ಕಪ್ಪು ಕಲ್ಲಿನ ಚೂರು. ನೀಲಿ ಕೋಟಿನವರು ಈಗ ನೋಡುವುದಕ್ಕೆ ಜಲ್ಲಿ ಗುಡ್ಡದ ಮೇಲೆ ನಿಂತ ಹಾಗಿದ್ದರು. ಒಂದೊಂದು ಸಲ ಹೊಸದಾಗಿ ಮಾಡಿದಾಗಲೂ, "ಹಾಂ, ಈಗ ಸರಿಯಾಯ್ತು" ಅನ್ನುತ್ತಿದ್ದರು. ಶನಿವಾರ ಕಾಲಾಳುಗಳನ್ನು ಕುದುರೆಯೆಂದು ಮುಂದಕ್ಕೆ ಅಟ್ಟಿ ಸೋಲುತ್ತಿದ್ದರು.

ಗೊತ್ತಾದದ್ದು ಆಟದ ಮಧ್ಯೆ. ಗೆಳೆಯರು ಬಗ್ಗಿ ನೋಡಿ, "ಇದೇನ್ ಗುರು, ನಿನ್ನವ್ರು ನಮ್ಮ ಬಣ್ಣ ಹಾಕ್ಕೊಂಡಿದಾರೆ?" ಎಂದು ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ನೀಲಿ ಸಾಲಿನ ಮಣೆಗಳೆಲ್ಲ ಕೆಂಪಾಗಿದ್ದವು. ಯಜಮಾನರ ಹೆಬ್ಬೆರಳ ತುದಿ ಕಲ್ಲಿನ ಚೂರಿಗೆ ಸಿಕ್ಕಿ ಬಿರಿದು, ಹಸಿರು ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ಇನ್ನೂ ಅದೇ ಬೆರಳಿನಿಂದ ಅದೇ ಅಂಚನ್ನು ಸವರುತ್ತಿದ್ದರು, ತಲೆ ಒಂದು ಕಡೆ ವಾಲಿಸಿ, ಏನನ್ನೋ ಆಲಿಸುವವರ ಹಾಗೆ.

"ಏನಾಯ್ತು? ಯಾಕೆ ಸುಮ್ಮನಾದ್ರಿ?" ಎಂದರು.

ಆಸ್ಪತ್ರೆಯಲ್ಲಿ ಪಾದಕ್ಕೆ ನೈಲಾನ್ ಎಳೆ ಒತ್ತಿ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ ನಾನು ಮೊದಲೇ ನೋಡಿದ್ದೆ. ಶುಗರ್‌ನಿಂದ ಪಾದ ಜೋಮು ಹಿಡಿದು ಬಹಳ ಕಾಲವಾಗಿತ್ತು. ಈ ಸಲ ಡಾಕ್ಟರು ಆ ನೈಲಾನ್ ಎಳೆಯನ್ನು ಬೆರಳಿಗೆ ಒತ್ತಿದರು. ಮುಟ್ಟಿದ್ದು ತಿಳಿದಾಗ ಯೆಸ್ ಅನ್ನಬೇಕು. ಎಳೆ ಹೆಬ್ಬೆರಳ ಮೇಲೆ ಬಾಗಿತು, ತೋರುಬೆರಳ ಮೇಲೆ ಬಾಗಿತು, ನಡುಬೆರಳ ಮೇಲೆ. ಯಜಮಾನರು ಶಿಸ್ತಾಗಿ ಕೈಚಾಚಿ ಕಾಯುತ್ತಾ ಕೂತಿದ್ದರು. ಕೊನೆಗೆ ಅವರೇ ಇಂಗ್ಲಿಷಿನಲ್ಲಿ, ಯಾವಾಗ ಶುರು ಮಾಡುತ್ತೀರಿ ಡಾಕ್ಟರ್, ಎಂದು ಕೇಳಿದರು.

ಟ್ಯಾಕ್ಸಿಯಲ್ಲಿ ಕೇಳಿದೆ. "ನಿಮಗೆ ಗೊತ್ತಿತ್ತಾ?"

"ಹೂಂ."

"ಮತ್ತೆ ಮರಳು ಸರಿಯಿಲ್ಲ, ಕಲ್ಲು ಸರಿಯಿಲ್ಲ ಅಂತಿದ್ರಿ?"

"ಮಣೆ ಸರಿಯಿಲ್ಲ ಅಂದ್ರೆ ನೀನು ರಿಪೇರಿ ಮಾಡ್ತಿದ್ದೆ. ಬೆರಳು ಸರಿಯಿಲ್ಲ ಅಂದ್ರೆ ಏನ್ ಮಾಡ್ತಿದ್ದೆ?"

ಅವರು ಮಣೆ ಎಂದಿದ್ದು ಆಗಲೇ ಮೊದಲು.

ಗಾಯ ಮಾಯುವುದಕ್ಕೆ ಬಹಳ ದಿನ ಬೇಕಾಯಿತು. ಶನಿವಾರ ಗೆಳೆಯರು ಬಂದು ಕಾಫಿ ಕುಡಿದು, ಊರಿನ ಸುದ್ದಿ ಮಾತಾಡಿ ಹೋಗುತ್ತಿದ್ದರು. ಪೆಟ್ಟಿಗೆ ಟಿವಿಯ ಕೆಳಗೆ ಹೋಯಿತು.

ಒಂದು ಮಧ್ಯಾಹ್ನ ನಾನು ಮಾರ್ಕೆಟ್ಟಿನಿಂದ ಬಂದಾಗ ಅವರು ಮೇಜಿನ ಮುಂದೆ ಕೂತಿದ್ದರು. ಪೆಟ್ಟಿಗೆ ತೆರೆದಿತ್ತು. ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಅಂಚನ್ನು ಕೆಳತುಟಿಗೆ ಒತ್ತಿಕೊಂಡು, ಅತ್ತಿಂದಿತ್ತ ಎಳೆಯುತ್ತಿದ್ದರು.

"ರೀ, ಏನ್ರೀ ಇದು! ಎಂಜಲು!" ಎಂದುಬಿಟ್ಟೆ. ಆಟದ ಸಾಮಾನಿಗೆ ಯಾವ ಎಂಜಲು? ಆದರೆ ಎಂಜಲು ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಟಿದರೂ ಬೈಸಿಕೊಂಡು ಬೆಳೆದವಳ ಬಾಯಿ. ಆ ಮಾತು ನನ್ನನ್ನು ಕೇಳಿ ಬರುವುದಿಲ್ಲ.

"ಕುದುರೆ" ಎಂದರು ಅವರು. ಇನ್ನೊಂದು ಎತ್ತಿದರು. ತುಟಿ ಕಲ್ಲಿನ ಮೇಲೆ ಹೋಗುವುದನ್ನು ನೋಡಲಾಗದೆ ನಾನು ಕೈ ಚಾಚಿದೆ. "ಫಿರಂಗಿ. ನೋಡು. ತುಟಿಗಿನ್ನೂ ಎಲ್ಲಾ ಗೊತ್ತಾಗುತ್ತೆ ಕಣೇ."

ಮತ್ತೆ ಮಣೆ ಮಾಡಿದೆ. ಕಲ್ಲನ್ನೆಲ್ಲ ಕಿತ್ತು, ಮರದ ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಗುಂಡಗೆ ತಿಕ್ಕಿದೆ. ಕಾಲಾಳಿಗೆ ಉದ್ದಕ್ಕೆ ಒಂದೆಳೆ ದಾರ ಅಂಟಿಸಿದೆ, ಕುದುರೆಗೆ ಅಡ್ಡಡ್ಡ ಸಾಲಾಗಿ ಮೆಟ್ಟಿಲಿನ ಹಾಗೆ ದಾರ, ಫಿರಂಗಿಗೆ ಬರೀ ನಯ. ಬಾಯಿಗೆ ತಗಲುವುದೆಂದು ಆ ಅಂಚಿಗೆ ಬಣ್ಣ ಹಾಕಲಿಲ್ಲ. ಮಕ್ಕಳ ಮರದ ಆಟಿಕೆಗೆ ಬಳಿಯುವ ವಾರ್ನಿಷ್ ಹುಡುಕಿ ತಂದು ಬಳಿದೆ. ತೊಳೆದು ಒರೆಸಬಹುದಾದ ಸೈನ್ಯ. ನಾನು ಮಾಡಿದ್ದರಲ್ಲೆಲ್ಲ ಅಚ್ಚುಕಟ್ಟಾದದ್ದು ಅದೇ. ಅವರು ಒಂದೊಂದನ್ನೂ ತುಟಿಗೆ ತಾಗಿಸಿ ಹೇಳಿದರು. ಒಂದೂ ತಪ್ಪಲಿಲ್ಲ. ಗೆಳೆಯರಿಗೆ ಫೋನ್ ಮಾಡಿ, "ಶನಿವಾರ ಬಾ. ಕಾಫಿಗಲ್ಲ" ಎಂದರು.

ಗೆಳೆಯರಿಗೆ ಮೊದಲೇ ವಿಷಯ ಹೇಳಿದ್ದೆವು. ಆದರೂ ಯಜಮಾನರು ಮೊದಲ ತುಂಡನ್ನು ಎತ್ತಿ ತುಟಿಗೆ ಹಿಡಿದಾಗ ಅವರು ಒಂದು ಗಳಿಗೆ ದಾಳ ಮುಷ್ಟಿಯಲ್ಲೇ ಇಟ್ಟುಕೊಂಡು ಕೂತರು. ಆಮೇಲೆ, "ಏನ್ ಗುರು, ಯುದ್ಧಕ್ಕೆ ಕಳ್ಸೋಕ್ ಮುಂಚೆ ಎಲ್ರಿಗೂ ಮುತ್ತು ಕೊಟ್ಟು ಕಳಿಸ್ತೀಯಾ?" ಎಂದರು.

"ನಿನ್ನವ್ರಿಗೆ ಕೊಡೋರಿಲ್ಲ ಅಂತ ಹೊಟ್ಟೆಕಿಚ್ಚಾ?"

ಆಟ ಹಳೆಯ ಆಟದ ಹಾಗೆ ಸಾಗಿತು. ಇವರು ಒಂದು ತುಂಡು ಎತ್ತುವರು, ತುಟಿಗೆ ತಾಗಿಸುವರು, ಮುಖದಲ್ಲಿ ಏನೂ ತೋರಿಸದೆ ಎಲ್ಲೋ ಒಂದು ಕಡೆ ಇಡುವರು. ಗೆಳೆಯರು ಗಲ್ಲ ಕೆರೆದುಕೊಳ್ಳುವರು. ನಾನು ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಾ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ.

ಒಂದು ನೀಲಿ ಕಾಲಾಳು ದಳ ಸೋತಿತು. ಪದ್ಧತಿಯಂತೆ ಗೆಳೆಯರು ಅದನ್ನು ಎತ್ತಬೇಕು. ಅಂಚಿನಲ್ಲಿ ತೇವ ಹೊಳೆಯುತ್ತಿತ್ತು. ಅವರ ಕೈ ಮುಂದೆ ಬಂತು, ನಿಂತಿತು, ತುಂಡಿನ ಹಿಂದಿನ ಎರಡು ಮೂಲೆಗಳನ್ನು ಉಗುರಿನ ತುದಿಯಲ್ಲಿ ಹಿಡಿದು ಎತ್ತಿ ತಟ್ಟೆಯಲ್ಲಿಟ್ಟಿತು. ಆಮೇಲೆ ಮೇಜಿನ ಕೆಳಗೆ, ತೊಡೆಯ ಮೇಲಿದ್ದ ಬ್ಯಾಗಿಗೆ ಹೋಯಿತು. ಸ್ಯಾನಿಟೈಸರ್ ಬಾಟಲಿಯ ಮುಚ್ಚಳ ಟಕ್ ಎಂದಿತು. ವಾಸನೆ ನನ್ನವರೆಗೂ ಬಂತು.

ಯಜಮಾನರ ಮುಖ ಆ ಸದ್ದಿನ ಕಡೆ ತಿರುಗಿತು. ಗೆಳೆಯರು ಕೈ ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿದರು.

"ಹಾಂ... ನಿನ್ನ ಸರದಿ ಗುರು."

ಯಜಮಾನರು ಗುಡ್ಡದ ಹಿಂದಿನಿಂದ ಒಂದು ತುಂಡು ಎತ್ತಿದರು. ಅದು ಗದ್ದದವರೆಗೆ ಬಂದು ನಿಂತಿತು. ಮೆಲ್ಲಗೆ ಕೆಳಗಿಳಿಯಿತು. ಬಟ್ಟೆಯ ಮೇಲೆ ಇಟ್ಟು, ಅದರ ಪಕ್ಕದಲ್ಲಿ ಅಂಗೈ ಊರಿ, ಕೇಳಿದರು:

"ಇದು ಕುದುರೆನಾ?"

ನಾನು ಬಾಗಿಲಲ್ಲಿ ಚಾಕು ಹಿಡಿದು ನಿಂತಿದ್ದೆ. ಗೆಳೆಯರು ನನ್ನ ಕಡೆ ನೋಡಿದರು, ನಾನೇನಾದರೂ ಹೇಳಲಿ ಎಂಬಂತೆ. ಹೊರಗೆ ಎಲ್‌ಆರ್‌ಟಿ ಹೋಯಿತು.

"ಹೂಂ" ಎಂದರು ಗೆಳೆಯರು. "ಕುದುರೆ."

ತಮ್ಮ ಸರದಿಯಲ್ಲಿ ಅವರು ಕೇಳಿಸದವರ ಹಾಗೆ ಫಿರಂಗಿಗಳನ್ನು ಬೇರೆ ಕಡೆ ತಿರುಗಿಸಿದರು. ಅದನ್ನು ಬಾಯಿಬಿಟ್ಟು ಹೇಳಲೇಬೇಕಾಗಿತ್ತಲ್ಲ, ಹೇಳಿದರು. ಯಜಮಾನರು ಅಡ್ಡಡ್ಡ ತಲೆಯಾಡಿಸಿದರು.

"ಬಿಟ್ಟುಕೊಡಬೇಡ. ಕುದುರೆ ಇಲ್ಲಿದೆ ಅಂತ ಗೊತ್ತಾಯ್ತಲ್ಲ, ಆಡು ಸರಿಯಾಗಿ."

ಗೆಳೆಯರು ಫಿರಂಗಿಗಳನ್ನು ಮತ್ತೆ ತಿರುಗಿಸಿದರು. ಕುದುರೆಗಳು ಗುಡ್ಡ ದಾಟುವ ಮುಂಚೆಯೇ ಮುಗಿದವು. ಒಂದೊಂದನ್ನೂ ಗೆಳೆಯರು ಈ ಸಲ ಪೂರ್ತಿ ಕೈಯಲ್ಲಿ, ಅಂಚು ಹಿಡಿದೇ ಎತ್ತಿದರು. ಅವು ತುಟಿಗೆ ತಾಗಿರಲಿಲ್ಲ.

ಹೋಗುವಾಗ ಲಿಫ್ಟಿನ ಹತ್ತಿರ ನಿಂತು, "ಬೇಕೂಂತ ಮಾಡಿದ್ದಲ್ಲ ಅತ್ತಿಗೆ. ಕೈ ತಾನಾಗೇ ಹೋಗ್ಬಿಡ್ತು. ಚಿಕ್ಕಂದಿನಿಂದ ನಮ್ಮನೇಲಿ..." ಎಂದರು.

"ಗೊತ್ತು" ಎಂದೆ. ಅವರ ಮನೆಯೂ ನಮ್ಮ ಮನೆಯ ಥರದ್ದೇ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅಷ್ಟು ಗುಟ್ಟಾಗಿ ಕೈ ಒರೆಸಿಕೊಳ್ಳುತ್ತಿರಲಿಲ್ಲ, ಇವರಿಗೆ ಅದು ಅಷ್ಟು ಚೆನ್ನಾಗಿ ಕೇಳಿಸುತ್ತಲೂ ಇರಲಿಲ್ಲ.

ಮನೆಯೊಳಗೆ ಬಂದು, "ಅವ್ರ ಕೈ ಮುಟ್ಟೋದೇ ಬೇಡ, ನಿಮ್ಮ ಸೋತವ್ರನ್ನ ನಾನು ಎತ್ತಿಡ್ತೀನಿ" ಅಂದೆ. "ಬೇಡ" ಎಂದರು. ಮಗಳು, "ಅಂಕಲ್ ಗ್ಲವ್ಸ್ ಹಾಕ್ಕೊಳ್ಲಿ ಲಾ" ಎಂದಳು. ಅವರು ಪೆಟ್ಟಿಗೆಯ ಮುಚ್ಚಳ ಹಾಕಿದರು.

ಶನಿವಾರ ಈಗಲೂ ನಡೆಯುತ್ತದೆ. ಇದು ಕಾಲಾಳಾ, ಇದು ಕುದುರೆನಾ, ಇದು ಎಷ್ಟು ದೂರ ಹೋಯಿತು, ಎಲ್ಲವನ್ನೂ ಕೇಳಿಕೊಂಡೇ ಆಡುತ್ತಾರೆ. ಗೆಳೆಯರು ಪಾಪ ನಿಯತ್ತಾಗಿ ಹೇಳುತ್ತಾರೆ, ನಿಯತ್ತಾಗಿ ಗೆಲ್ಲುತ್ತಾರೆ. ಯಾರೂ ಕುರ್ಚಿ ಹಿಂದಕ್ಕೆ ತಳ್ಳಿ ಏಳುವುದಿಲ್ಲ. ಊಟದ ಹೊತ್ತಿಗೆ ಮುಗಿಯುತ್ತಿದ್ದ ಆಟ ಕಾಫಿಗೇ ಮುಗಿಯುತ್ತದೆ.

ಹೋದ ವಾರ ಅವರೇ, "ಆ ದಾರ ಎಲ್ಲ ಕಿತ್ತುಬಿಡು. ಚೆನ್ನಾಗಿ ಹುಲ್ಲು ಹಾಕು" ಎಂದರು.

"ಯಾಕೆ?"

"ಅವನಿಗೆ ಕಾಣುತ್ತಲ್ಲ. ಬೋಳು ಮರದ ಮೇಲೆ ನಿಂತಿದ್ರೆ ಅವನಾದ್ರೂ ಎಷ್ಟೂಂತ ನೋಡ್ತಾನೆ."

ಕಿಟಕಿಯ ಬೆಳಕಿನಲ್ಲಿ ಕೂತು ದಾರ ಬಿಡಿಸಿದೆ. ವಾರ್ನಿಷ್ ಗಟ್ಟಿಯಾಗಿದ್ದರಿಂದ ಬ್ಲೇಡು ಹಾಕಬೇಕಾಯಿತು. ಮೇಲೆ ಕಂದು ಬಣ್ಣ, ಗೋಂದು, ಅಂಗಡಿಯ ಹುಲ್ಲಿನ ಪುಡಿ. ಅವರು ಪಕ್ಕದಲ್ಲಿ ಕೂತಿದ್ದರು.

"ಯಾವ ಹಸಿರು?"

"ಪಾರ್ಕಿನ ಹುಲ್ಲಿನ ಥರದ್ದು."

"ಅಷ್ಟು ಹಸಿರು ಬೇಡ. ಕುದುರೆ ಓಡಾಡಿದ ಕಡೆ ಹುಲ್ಲು ಎಲ್ಲುಳಿಯುತ್ತೆ? ಕೆಸರು ಮಾಡು. ಒದ್ದೆ ಕೆಸರು ಹೊಳೀಬೇಕು, ಮೇಲೆ ಒಂಚೂರು ವಾರ್ನಿಷ್ ಹಚ್ಚು."

ಹಚ್ಚಿದೆ. ಹೊಳೆಯುತ್ತಾ ಎಂದು ಕೇಳಿದರು. ಹೊಳೆಯುತ್ತೆ ಎಂದೆ. ಗೊರಸಿನ ಗುರುತೂ ಬೇಕಂತೆ. ಟೂತ್‌ಪಿಕ್ಕಿನ ತುದಿಯಲ್ಲಿ ಒಂದೊಂದಾಗಿ ಒತ್ತುತ್ತಾ ಹೋದೆ. ಯಾವ ದಿಕ್ಕಿಗೆ ಹೋಗಿರೋ ಹಾಗೆ ಮಾಡ್ತಿದೀಯ ಎಂದು ಕೇಳಿದರು. ನಾನು ಅದನ್ನು ಯೋಚಿಸಿರಲಿಲ್ಲ. ಮುಂದಕ್ಕೆ, ಎಂದೆ.